ಶಾರ್ಟ್ ಆದ ಕೂಡಲೇ ಟ್ರಿಪ್ ಆಗಬೇಕು: ಡಿಸಿಸಿ ಮಾಡೆಲ್ ರೈಲಿನ ರಕ್ಷಣೆ, ಹಂತ ಹಂತವಾಗಿ

ಡಿಸಿಸಿ ಲೇಔಟ್, ಅಂದರೆ ಡಿಜಿಟಲ್ ಆಜ್ಞೆಯಿಂದ ಓಡುವ ಮಾಡೆಲ್ ರೈಲಿನ ಹಳಿಜಾಲ, ಕಟ್ಟುವವರು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. "ಎಲ್ಲೋ ಒಂದು ಬೋಗಿ ಹಳಿ ತಪ್ಪಿದ್ರೆ ಇಡೀ ಲೇಔಟ್ ನಿಂತುಹೋಗುತ್ತೆ. ಇದನ್ನ ತಪ್ಪಿಸೋದು ಹೇಗೆ?" ಅಪರೂಪಕ್ಕೆ ಇದರ ಉಲ್ಟಾ ಪ್ರಶ್ನೆಯೂ ಬರುತ್ತದೆ. "ಬೋಗಿ ಹಳಿ ತಪ್ಪಿತ್ತು, ಆದ್ರೆ ಏನೂ ನಿಲ್ಲಲಿಲ್ಲ. ಹೋಗಿ ನೋಡಿದ್ರೆ ಚಕ್ರದ ಸುತ್ತ ಪ್ಲಾಸ್ಟಿಕ್ ಕರಗಿತ್ತು." ಮೊದಲನೆಯವರಿಗೆ ಬೇಸರ, ಅಷ್ಟೇ. ಅವರ ಲೇಔಟ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ. ನಿಜಕ್ಕೂ ಚಿಂತೆ ಮಾಡಬೇಕಾದವರು ಎರಡನೆಯವರು. ಅದಕ್ಕೇ ಇಲ್ಲಿ ಅವರ ತೊಂದರೆ ಮೊದಲು, ಬೇಸರದ ವಿಷಯ ಆಮೇಲೆ.

ಹಳಿಯಲ್ಲಿ ಏನಿರುತ್ತದೆ?

ಡಿಸಿಸಿ ಅಂದರೆ ಡಿಜಿಟಲ್ ಕಮಾಂಡ್ ಕಂಟ್ರೋಲ್. ಹಳೆಯ ಡಿಸಿ ಪದ್ಧತಿಯಲ್ಲಿ ರೈಲು ನಿಧಾನವಾದರೆ ಹಳಿಯ ವೋಲ್ಟೇಜೂ ಕಡಿಮೆಯಾಗುತ್ತಿತ್ತು. ಡಿಸಿಸಿಯಲ್ಲಿ ಹಾಗಲ್ಲ. ರೈಲು ನಿಂತಿರಲಿ, ಓಡುತ್ತಿರಲಿ, ಹಳಿಯಲ್ಲಿ ಯಾವಾಗಲೂ ಪೂರ್ತಿ ವೋಲ್ಟೇಜ್ ಇರುತ್ತದೆ. ಎಚ್‌ಒ (ನಿಜ ರೈಲಿನ 87ನೇ ಒಂದು ಪಾಲು) ಅಳತೆಯ ಲೇಔಟ್‌ನಲ್ಲಿ ಅದು ಸುಮಾರು 14ರಿಂದ 15 ವೋಲ್ಟ್. ಇಂಜಿನ್‌ನೊಳಗಿನ ಡಿಕೋಡರ್, ಅಂದರೆ ಆಜ್ಞೆ ಓದಿ ಮೋಟಾರ್ ನಡೆಸುವ ಪುಟ್ಟ ಸರ್ಕ್ಯೂಟ್, ತನಗೆ ಬೇಕಾದಷ್ಟನ್ನು ಅದರಿಂದ ತೆಗೆದುಕೊಳ್ಳುತ್ತದೆ. ಈ ವಿದ್ಯುತ್ತನ್ನು ಹಳಿಗೆ ಕಳಿಸುವ ಪೆಟ್ಟಿಗೆಯೇ ಬೂಸ್ಟರ್.

5 ಆಂಪ್ ಬೂಸ್ಟರ್ 15 ವೋಲ್ಟ್‌ನಲ್ಲಿ 75 ವ್ಯಾಟ್ ಕೊಡಬಲ್ಲದು. ಎಲೆಕ್ಟ್ರಾನಿಕ್ಸ್ ಕೆಲಸದ ಸಾಲ್ಡರಿಂಗ್ ಐರನ್‌ಗೂ ಇಷ್ಟು ಬೇಕಾಗುವುದಿಲ್ಲ. ಮುಟ್ಟಿದರೆ ಶಾಕ್ ಹೊಡೆಯುವಷ್ಟು ವೋಲ್ಟೇಜ್ ಅಲ್ಲ, ನಿಜ. ಆದರೆ ಶಾಖ ಮಾತ್ರ ತಮಾಷೆಯಲ್ಲ.

ಹಳಿ ತಪ್ಪಿದ ಬೋಗಿಯ ಲೋಹದ ಚಕ್ರ ಎರಡು ಧ್ರುವದ ಹಳಿಗಳನ್ನು ಒಟ್ಟಿಗೆ ಮುಟ್ಟಿದರೆ ಅದೇ ಶಾರ್ಟ್. ಬೂಸ್ಟರ್ ಒಳಗೇ ಶಾರ್ಟ್ ರಕ್ಷಣೆ ಇರುತ್ತದಲ್ವಾ? ಇರುತ್ತದೆ. ಆದರೆ ಬೂಸ್ಟರ್‌ಗೆ ಶಾರ್ಟ್ ಕಣ್ಣಿಗೆ ಕಾಣುವುದಿಲ್ಲ, ಕರೆಂಟ್ ಎಷ್ಟು ಹರಿಯುತ್ತಿದೆ ಅನ್ನುವುದಷ್ಟೇ ಗೊತ್ತಾಗುತ್ತದೆ. 5 ಆಂಪ್ ದಾಟಿದರೆ ತಾನೇ ಆಫ್ ಆಗುತ್ತದೆ, ಅಂದರೆ ಟ್ರಿಪ್ ಆಗುತ್ತದೆ. ದಾಟದಿದ್ದರೆ "ಯಾರೋ ಹತ್ತು ಇಂಜಿನ್ ಓಡಿಸುತ್ತಿದ್ದಾರೆ" ಅಂದುಕೊಂಡು ಸುಮ್ನೆ ಕರೆಂಟ್ ಕೊಡುತ್ತಲೇ ಇರುತ್ತದೆ.

ಒಂದು ಲೆಕ್ಕ ನೋಡಿ. ತೆಳು ವೈರು, ಹಳಿ ತುಂಡುಗಳನ್ನು ಸೇರಿಸುವ ಸಡಿಲ ಜಾಯಿನರ್ ಎಲ್ಲ ಸೇರಿ ಬೂಸ್ಟರ್‌ನಿಂದ ಶಾರ್ಟ್ ಆದ ಜಾಗಕ್ಕೆ ಹೋಗಿ ಬರುವ ದಾರಿಯ ರೆಸಿಸ್ಟೆನ್ಸ್ 4 ಓಮ್ ಇದೆ ಅಂದುಕೊಳ್ಳಿ. 15 ವೋಲ್ಟ್‌ಗೆ ಹರಿಯುವುದು 3.75 ಆಂಪ್. ಬೂಸ್ಟರ್ ಟ್ರಿಪ್ ಆಗುವುದಿಲ್ಲ. ಆ 4 ಓಮ್‌ನಲ್ಲಿ 1 ಓಮ್ ಒಂದೇ ಒಂದು ಸಡಿಲ ಜಾಯಿನರ್‌ನಲ್ಲಿದ್ದರೆ, ಆ ಪುಟ್ಟ ಲೋಹದ ತುಂಡಿನಲ್ಲಿ 14 ವ್ಯಾಟ್ ಶಾಖ ಹುಟ್ಟುತ್ತದೆ. ಅದರ ಕೆಳಗಿರುವುದು ಪ್ಲಾಸ್ಟಿಕ್ ಸ್ಲೀಪರ್. ಮುಂದಿನದನ್ನು ಊಹಿಸಬಹುದು.

ಬೇಕಾಗುವ ಸಾಮಾನು

ಸಾದಾ ಮಲ್ಟಿಮೀಟರ್, ಒಂದು ನಾಣ್ಯ, ಹಿಡಿಗೆ ಪ್ಲಾಸ್ಟಿಕ್ ಇರುವ ಸ್ಕ್ರೂಡ್ರೈವರ್, ಎರಡು ಬಣ್ಣದಲ್ಲಿ ದಪ್ಪ ಮತ್ತು ತೆಳು ತಾಮ್ರದ ವೈರ್, ಸಾಲ್ಡರಿಂಗ್ ಐರನ್, ಹಳಿ ಕತ್ತರಿಸಲು ಸಣ್ಣ ಹಲ್ಲಿನ ಗರಗಸ ಅಥವಾ ಕಟಿಂಗ್ ಡಿಸ್ಕ್, ಪ್ಲಾಸ್ಟಿಕ್ ಜಾಯಿನರ್, ಚಕ್ರ ಅಳೆಯುವ ಗೇಜ್. ಶಾರ್ಟ್ ಆದಾಗ ಕರೆಂಟ್ ಕಡಿಯುವ ಬ್ರೇಕರ್ ಈಗಲೇ ತರಬೇಡಿ. ಎಷ್ಟು ಬೇಕು ಅನ್ನುವುದು ಮೂರನೆಯ ಹಂತದಲ್ಲಿ ಗೊತ್ತಾಗುತ್ತದೆ.

1. ನಾಣ್ಯ ಪರೀಕ್ಷೆ

ಎಲ್ಲ ಇಂಜಿನ್‌ಗಳನ್ನೂ ಬೋಗಿಗಳನ್ನೂ ಹಳಿಯಿಂದ ಎತ್ತಿಡಿ. ಪವರ್ ಆನ್ ಮಾಡಿ. ನಾಣ್ಯವನ್ನು ಎರಡೂ ಹಳಿಗೆ ತಾಗುವಂತೆ ಅಡ್ಡ ಇಡಿ. ಬೂಸ್ಟರ್ ತಕ್ಷಣ ಟ್ರಿಪ್ ಆಗಬೇಕು. ನಾಣ್ಯ ತೆಗೆದರೆ ಪವರ್ ಮತ್ತೆ ಬರಬೇಕು.

ಇದನ್ನು ಒಂದೇ ಕಡೆ ಮಾಡಿ ಬಿಡಬೇಡಿ. ಸುಮಾರು ಮೀಟರ್‌ಗೊಮ್ಮೆ ಮಾಡಿ. ಪ್ರತಿ ಸೈಡಿಂಗ್‌ನ ಕೊನೆಯಲ್ಲಿ, ಪ್ರತಿ ಪಾಯಿಂಟ್‌ನ (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗ) ಮೂರೂ ಕಡೆ ಮಾಡಿ. ಸೋಲುವುದು ಸಾಮಾನ್ಯವಾಗಿ ಬೂಸ್ಟರ್‌ನಿಂದ ದೂರದ ಮೂಲೆಗಳಲ್ಲೇ.

ಎಚ್ಚರಿಕೆ: ಒಂದೆರಡು ಸೆಕೆಂಡ್‌ನಲ್ಲಿ ಟ್ರಿಪ್ ಆಗದಿದ್ದರೆ ನಾಣ್ಯವನ್ನು ಬೆರಳಿನಿಂದ ತೆಗೆಯಬೇಡಿ, ಬಿಸಿಯಾಗಿರುತ್ತದೆ. ಸ್ಕ್ರೂಡ್ರೈವರ್‌ನಿಂದ ತಳ್ಳಿ. ಆ ಜಾಗಕ್ಕೆ ಗುರುತು ಹಾಕಿಕೊಳ್ಳಿ.

ಒಂದು ಜಾಗದಲ್ಲಾದರೂ ಪರೀಕ್ಷೆ ಸೋತರೆ ಅದು ಸರಿಯಾಗುವವರೆಗೆ ಮುಂದಿನ ಯಾವ ಉಪಕರಣಕ್ಕೂ ದುಡ್ಡು ಹಾಕಬೇಡಿ. ಎಷ್ಟೇ ಒಳ್ಳೆಯ ಬ್ರೇಕರ್ ಆದರೂ ತನ್ನ ಮಿತಿಗಿಂತ ಕಡಿಮೆ ಹರಿಯುವ ಶಾರ್ಟ್ ಅನ್ನು ಗುರುತಿಸಲಾರದು.

2. ವೈರಿಂಗ್ ಗಟ್ಟಿ ಮಾಡಿ

ಲೇಔಟ್‌ನ ಕೆಳಗೆ ಉದ್ದಕ್ಕೂ ಓಡುವ ಎರಡು ದಪ್ಪ ವೈರ್‌ಗಳಿಗೆ ಬಸ್ ಅನ್ನುತ್ತಾರೆ. ಅದರಿಂದ ಮೇಲಿನ ಹಳಿಗೆ ಹೋಗುವ ಸಣ್ಣ ವೈರ್‌ಗಳು ಫೀಡರ್. ಮನೆಯೊಳಗಿನ ಲೇಔಟ್‌ಗೆ 2.5 ಚದರ ಮಿ.ಮೀ. ಬಸ್ ಸಾಕು. ಫೀಡರ್ 0.5 ಚದರ ಮಿ.ಮೀ. ಇದ್ದರೆ ನಡೆಯುತ್ತದೆ, ಆದರೆ 30 ಸೆಂ.ಮೀ. ಒಳಗಿರಲಿ.

ದಪ್ಪದ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. 10 ಮೀಟರ್ ಬಸ್ ಅಂದರೆ ಹೋಗಿ ಬರುವ ದಾರಿ 20 ಮೀಟರ್. 2.5 ಚದರ ಮಿ.ಮೀ. ತಾಮ್ರದಲ್ಲಿ ಅದರ ರೆಸಿಸ್ಟೆನ್ಸ್ ಸುಮಾರು 0.14 ಓಮ್. 5 ಆಂಪ್ ಹರಿದಾಗ ಕಳೆದುಹೋಗುವುದು 0.7 ವೋಲ್ಟ್. ಇದೇ ದೂರಕ್ಕೆ 0.2 ಚದರ ಮಿ.ಮೀ. ವೈರ್ ಹಾಕಿದರೆ ಸುಮಾರು 1.7 ಓಮ್, ಅಂದರೆ ವೋಲ್ಟೇಜ್‌ನ ಅರ್ಧಕ್ಕೂ ಜಾಸ್ತಿ ವೈರ್‌ನಲ್ಲೇ ಹೋಯಿತು. ಹಳಿಯನ್ನೇ ವೈರ್‌ನಂತೆ ಬಳಸುವುದು ಇನ್ನೂ ಕೆಟ್ಟದ್ದು. ಹಳಿ ಮಾಡುವ ನಿಕ್ಕಲ್ ಸಿಲ್ವರ್ ಅನ್ನುವ ಮಿಶ್ರಲೋಹದ ರೆಸಿಸ್ಟೆನ್ಸ್ ತಾಮ್ರದ್ದಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ.

ಪ್ರತಿ ಹಳಿ ತುಂಡಿಗೂ ತನ್ನದೇ ಫೀಡರ್ ಇರಲಿ. ಜಾಯಿನರ್ ಹಳಿಗಳನ್ನು ನೇರ ಹಿಡಿಯಲು ಮಾಡಿದ್ದು. ಮೊದಲ ವರ್ಷ ಅದು ಕರೆಂಟನ್ನೂ ಚೆನ್ನಾಗಿ ದಾಟಿಸುತ್ತದೆ. ಬಣ್ಣ, ಅಂಟು, ಧೂಳು ಒಳಗೆ ಇಳಿದ ಮೇಲೆ ದಾಟಿಸುವುದಿಲ್ಲ.

ಇಲ್ಲಿ ಎಡವುವ ಜಾಗಗಳು: ಎಡ ಹಳಿ, ಬಲ ಹಳಿಗೆ ಎರಡು ಬಣ್ಣ ಇಟ್ಟುಕೊಳ್ಳದೆ ವೈರ್ ಎಳೆಯುವುದು ಒಂದು. ಫೀಡರ್‌ಗಳನ್ನೆಲ್ಲ ಹಾಕಿ ಮುಗಿಸಿ ಕೊನೆಗೆ ಪರೀಕ್ಷಿಸುವುದು ಇನ್ನೊಂದು. ಪ್ರತಿ ಜೋಡಿ ಫೀಡರ್ ಜೋಡಿಸಿದ ಮೇಲೂ ಪವರ್ ಆಫ್ ಇಟ್ಟು ಮಲ್ಟಿಮೀಟರ್‌ನಲ್ಲಿ ಎರಡು ಹಳಿ ಒಂದಕ್ಕೊಂದು ತಾಗಿಲ್ಲ ಅನ್ನುವುದನ್ನು ನೋಡಿ. ನಲವತ್ತು ಫೀಡರ್ ಹಾಕಿದ ಮೇಲೆ ಬೀಪ್ ಬಂದರೆ ಯಾವುದು ಅಂತ ಹುಡುಕುತ್ತೀರಿ?

ಬಸ್ 10 ಮೀಟರ್‌ಗಿಂತ ಉದ್ದ ಇದ್ದರೆ ಎರಡೂ ವೈರನ್ನು ಸಡಿಲವಾಗಿ ಹೆಣೆದುಕೊಳ್ಳಿ, ಕೊನೆಯಲ್ಲಿ ಸ್ನಬರ್ ಹಾಕಿ. ಸ್ನಬರ್ ಅಂದರೆ 100 ಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದರ ಹಿಂದೆ ಒಂದು ಸೇರಿಸಿ ಬಸ್‌ನ ಎರಡು ವೈರ್‌ಗಳ ನಡುವೆ ಇಡುವುದು. ಶಾರ್ಟ್ ಆಗಿ ಕರೆಂಟ್ ಥಟ್ಟನೆ ಕಡಿದಾಗ ಉದ್ದ ವೈರ್‌ನಲ್ಲಿ ವೋಲ್ಟೇಜ್ ಕ್ಷಣಕಾಲ ಮೇಲಕ್ಕೆ ಜಿಗಿಯುತ್ತದೆ. ಡಿಕೋಡರ್ ಸಾಯುವುದು ಎಷ್ಟೋ ಸಲ ಇದರಿಂದಲೇ. ರೆಸಿಸ್ಟರ್ ಬೆಚ್ಚಗಾಗುತ್ತದೆ, 2 ವ್ಯಾಟಿನದ್ದೇ ಇರಲಿ.

ಈಗ ನಾಣ್ಯ ಪರೀಕ್ಷೆ ಮತ್ತೆ ಮಾಡಿ.

3. ಲೇಔಟ್ ಅನ್ನು ಭಾಗ ಮಾಡಿ

ಇಲ್ಲಿಂದ ಮುಂದೆ ಮೊದಲ ಪ್ರಶ್ನೆಗೆ ಉತ್ತರ. ಒಂದು ಕಡೆ ಶಾರ್ಟ್ ಆದರೆ ಅಲ್ಲಿ ಮಾತ್ರ ನಿಲ್ಲಬೇಕು ಅಂದರೆ ಲೇಔಟ್ ವಿದ್ಯುತ್ ಭಾಗಗಳಾಗಿ ಒಡೆದಿರಬೇಕು. ಭಾಗದ ಗಡಿಯಲ್ಲಿ ಎರಡೂ ಹಳಿ ಕತ್ತರಿಸಿ. ಒಂದೇ ಹಳಿ ಕತ್ತರಿಸಿ ಇನ್ನೊಂದನ್ನು ಹಾಗೇ ಬಿಡುವ ಪದ್ಧತಿ ಡಿಸಿ ಕಾಲದ್ದು. ಬ್ರೇಕರ್‌ಗಳ ಜೊತೆ ಅದು ಮುಂದೆ ತಲೆನೋವು ತರುತ್ತದೆ.

ಎಷ್ಟು ಭಾಗ? ಒಂದು ಕೋಣೆಯ ಲೇಔಟ್‌ಗೆ ಮೂರೋ ನಾಲ್ಕೋ ಸಾಕು ಅನ್ನುವುದು ನನ್ನ ಅಭಿಪ್ರಾಯ. ಯಾರ್ಡ್‌ಗೆ ಒಂದು, ಮುಖ್ಯ ಮಾರ್ಗಕ್ಕೆ ಒಂದೆರಡು, ಇಂಜಿನ್ ನಿಲ್ಲಿಸುವ ಶೆಡ್‌ಗೆ ಒಂದು. ಪಾಯಿಂಟ್ ಜಾಸ್ತಿ ಇರುವಲ್ಲಿ ಶಾರ್ಟ್ ಜಾಸ್ತಿ. ಹಾಗಾಗಿ ಯಾರ್ಡ್ ಮತ್ತು ಮುಖ್ಯ ಮಾರ್ಗ ಬೇರೆ ಆದರೆ ಅರ್ಧ ಕಿರಿಕಿರಿ ಅಲ್ಲಿಗೇ ಮುಗಿಯಿತು.

ಗಡಿಯನ್ನು ರೈಲು ನಿಲ್ಲುವ ಜಾಗದಲ್ಲಿ ಇಡಬೇಡಿ. ಲೋಹದ ಚಕ್ರ ಗಡಿಯ ಮೇಲೆ ನಿಂತರೆ ಎರಡು ಭಾಗ ಒಂದಾದಂತೆ. ಆಗ ಒಂದರ ಶಾರ್ಟ್ ಇನ್ನೊಂದಕ್ಕೂ ದಾಟುತ್ತದೆ. ಕತ್ತರಿಸಿದ ಸಂದಿಯನ್ನು ಖಾಲಿ ಬಿಡಬೇಡಿ. ಪ್ಲಾಸ್ಟಿಕ್ ಜಾಯಿನರ್ ಹಾಕಿ, ಇಲ್ಲವೇ ಪ್ಲಾಸ್ಟಿಕ್ ಚೂರೊಂದನ್ನು ಅಂಟಿಸಿ ಹಳಿಯ ಆಕಾರಕ್ಕೆ ಉಜ್ಜಿ.

ಗಡಿಯ ಎರಡೂ ಕಡೆ ಎಡ ಹಳಿ ಎಡ ಹಳಿಯೇ ಆಗಿದೆಯಾ ಅಂತ ಪರೀಕ್ಷಿಸಿ. ಮಲ್ಟಿಮೀಟರ್ ಎಸಿ ವೋಲ್ಟ್‌ಗೆ ಇಟ್ಟು, ಒಂದು ಕಡ್ಡಿ ಸಂದಿಯ ಈಚೆ, ಇನ್ನೊಂದು ಅದೇ ಹಳಿಯಲ್ಲಿ ಆಚೆ ಇಡಿ. ಸೊನ್ನೆಯ ಹತ್ತಿರ ತೋರಿಸಿದರೆ ಸರಿ. ಹಳಿಯ ಪೂರ್ತಿ ವೋಲ್ಟೇಜ್ ತೋರಿಸಿದರೆ ಆ ಭಾಗದ ವೈರ್ ಅದಲುಬದಲಾಗಿದೆ. ಎರಡು ಭಾಗ ಬೇರೆ ಬೇರೆ ಬೂಸ್ಟರ್‌ನವಾಗಿದ್ದರೆ ಮೊದಲು ತಯಾರಕರು ಹೇಳಿದಂತೆ ಎರಡೂ ಬೂಸ್ಟರ್‌ಗಳ ಕಾಮನ್ ವೈರ್ ಜೋಡಿಸಿಕೊಳ್ಳಿ. ಡಿಸಿಸಿ ಸಿಗ್ನಲ್ ಸೆಕೆಂಡ್‌ಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತದೆ. ಸಾದಾ ಮೀಟರ್ ಅದನ್ನು ನಿಖರವಾಗಿ ಅಳೆಯಲಾರದು. ಆದರೆ ಹೋಲಿಸಿ ನೋಡಲು ಅಷ್ಟು ಸಾಕು.

4. ಪ್ರತಿ ಭಾಗಕ್ಕೂ ಬ್ರೇಕರ್

ಬೂಸ್ಟರ್ ಮತ್ತು ಆ ಭಾಗದ ಬಸ್ ನಡುವೆ ಎಲೆಕ್ಟ್ರಾನಿಕ್ ಬ್ರೇಕರ್ ಕೂರುತ್ತದೆ. ಡಿಸಿಸಿ ಸ್ಪೆಷಾಲಿಟೀಸ್‌ನ ಪಿಎಸ್‌ಎಕ್ಸ್, ಎನ್‌ಸಿಇಯ ಇಬಿ1, ಡಿಜಿಟ್ರಾಕ್ಸ್‌ನ ಪಿಎಂ74 ಇಂಥವು. ಶಾರ್ಟ್ ಕಂಡ ಕೂಡಲೇ ತನ್ನ ಭಾಗವನ್ನು ಮಾತ್ರ ಕಡಿದು, ಸ್ವಲ್ಪ ಹೊತ್ತಿಗೊಮ್ಮೆ "ಹೋಯಿತಾ?" ಅಂತ ನೋಡಿ, ಹೋಗಿದ್ದರೆ ತಾನೇ ಮತ್ತೆ ಆನ್ ಆಗುತ್ತದೆ.

ಎರಡು ನಿಯಮ ನೆನಪಿರಲಿ. ಬ್ರೇಕರ್‌ನ ಟ್ರಿಪ್ ಕರೆಂಟ್ ಬೂಸ್ಟರ್‌ನದ್ದಕ್ಕಿಂತ ಕಡಿಮೆ ಇರಬೇಕು. ಮತ್ತು ಬ್ರೇಕರ್ ಬೂಸ್ಟರ್‌ಗಿಂತ ಬೇಗ ಕೆಲಸ ಮಾಡಬೇಕು. 5 ಆಂಪ್ ಬೂಸ್ಟರ್‌ಗೆ 3 ಆಂಪ್ ಆಸುಪಾಸಿನ ಸೆಟ್ಟಿಂಗ್ ಒಳ್ಳೆಯ ಆರಂಭ. ಇಂದಿನ ಎಚ್‌ಒ ಇಂಜಿನ್ ಓಡುವಾಗ ಸಾಮಾನ್ಯವಾಗಿ ಅರ್ಧ ಆಂಪ್ ಕೂಡ ಎಳೆಯುವುದಿಲ್ಲ. 8 ಅಥವಾ 10 ಆಂಪ್ ಬೂಸ್ಟರ್ ಇದ್ದರೆ ಒಳ್ಳೆಯದು ಅಂತ ತರುವವರಿದ್ದಾರೆ. ದೊಡ್ಡ ಅಳತೆಯ ರೈಲುಗಳಿಗೆ ಸರಿ, ಎಚ್‌ಒ ಮತ್ತು ಎನ್ ಅಳತೆಗೆ ಅದು ಸುಮ್ನೆ ಅಪಾಯ ತಂದಿಟ್ಟುಕೊಂಡಂತೆ.

ಸೌಂಡ್ ಇಂಜಿನ್‌ಗಳ ಒಂದು ಕಾಟ ಇದೆ. ಪವರ್ ಬಂದ ಕ್ಷಣ ಅವುಗಳ ಕೆಪಾಸಿಟರ್‌ಗಳೆಲ್ಲ ಒಟ್ಟಿಗೆ ಚಾರ್ಜ್ ಆಗಲು ಹೊರಡುತ್ತವೆ. ಆ ಕ್ಷಣದ ಕರೆಂಟ್ ಬ್ರೇಕರ್‌ಗೆ ಶಾರ್ಟ್‌ನಂತೆಯೇ ಕಾಣುತ್ತದೆ. ಶಾರ್ಟ್ ತೆಗೆದರೂ ಆ ಭಾಗ ಮತ್ತೆ ಆನ್ ಆಗದಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಕೆಲವು ಇಂಜಿನ್ ಎತ್ತಿ ಪ್ರಯತ್ನಿಸಿ. ಆನ್ ಆದರೆ ಶೆಡ್ ಅನ್ನು ಎರಡು ಭಾಗ ಮಾಡಿ ಅಥವಾ ಟ್ರಿಪ್ ಮಿತಿಯನ್ನು ಸ್ವಲ್ಪ ಏರಿಸಿ.

ಬಲ್ಬ್ ಹಾಕಿದರೆ ಸಾಲದಾ ಅಂತ ಬಹಳ ಜನ ಕೇಳುತ್ತಾರೆ. 1156 ನಂಬರಿನ 12 ವೋಲ್ಟ್ ವಾಹನದ ಬಲ್ಬನ್ನು ಬಸ್‌ನ ಒಂದು ವೈರ್ ಮಧ್ಯೆ ಕೂರಿಸುವ ಹಳೆಯ ಉಪಾಯ ಅದು. ಬಲ್ಬ್ ತಣ್ಣಗಿದ್ದಾಗ ರೆಸಿಸ್ಟೆನ್ಸ್ ಕಡಿಮೆ, ರೈಲು ಆರಾಮಾಗಿ ಓಡುತ್ತದೆ. ಶಾರ್ಟ್ ಆದರೆ ಬಲ್ಬ್ ಉರಿದು ಕರೆಂಟನ್ನು ಸುಮಾರು 2 ಆಂಪ್‌ಗೆ ಹಿಡಿದಿಡುತ್ತದೆ. ಅಗ್ಗ, ಮತ್ತು ಎಲ್ಲಿ ಶಾರ್ಟ್ ಅಂತ ಕಣ್ಣಿಗೇ ಕಾಣುತ್ತದೆ. ಆದರೆ ಅದು ಕಡಿಯುವುದಿಲ್ಲ, ತಡೆಯುತ್ತದೆ ಅಷ್ಟೇ. ಆ 2 ಆಂಪ್ ಶಾರ್ಟ್ ಇರುವಷ್ಟು ಹೊತ್ತೂ ಹರಿಯುತ್ತಲೇ ಇರುತ್ತದೆ. ಆರಂಭಿಕ ಸೆಟ್‌ಗಳ 2–3 ಆಂಪ್ ಬೂಸ್ಟರ್‌ನಲ್ಲಿ ಉಳಿದ ರೈಲುಗಳಿಗೆ ಆಗ ಏನೂ ಮಿಗುವುದಿಲ್ಲ. ಒಂದೇ ಇಂಜಿನ್ ಓಡುವ ಭಾಗಕ್ಕೆ ಬಲ್ಬ್ ಇರಲಿ, ಬೇಡ ಅನ್ನುವುದಿಲ್ಲ. ಉರಿದಾಗ ಬಹಳ ಬಿಸಿಯಾಗುತ್ತದೆ, ಮರ ಮತ್ತು ಥರ್ಮಾಕೋಲ್‌ನಿಂದ ದೂರ ಕೂರಿಸಿ.

ಗಾಜಿನ ಫ್ಯೂಸ್ ಬೇಡ. ಹಳಿ ತಪ್ಪಿದಾಗಲೆಲ್ಲ ಬದಲಾಯಿಸುತ್ತಾ ಕೂರಬೇಕು. ಪಾಲಿಫ್ಯೂಸ್, ಅಂದರೆ ಬಿಸಿಯಾದರೆ ಕರೆಂಟ್ ತಡೆಯುವ ಪುಟ್ಟ ಬಿಲ್ಲೆ, ಇಲ್ಲಿಗೆ ತುಂಬಾ ನಿಧಾನ.

5. ಪಾಯಿಂಟ್‌ಗಳು: ಶಾರ್ಟ್‌ಗಳ ತವರು

ಬ್ರೇಕರ್ ಹಾಕಿದ ಮೇಲೆ "ತೊಂದರೆ ಜಾಸ್ತಿಯೇ ಆಯ್ತಲ್ಲ" ಅಂತ ಕೆಲವರಿಗೆ ಅನಿಸುತ್ತದೆ. ಮೊದಲು ಬೂಸ್ಟರ್ ಗಮನಿಸದೆ ಬಿಡುತ್ತಿದ್ದ ಕ್ಷಣಿಕ ಶಾರ್ಟ್‌ಗಳನ್ನು ವೇಗದ ಬ್ರೇಕರ್ ಹಿಡಿಯುತ್ತದೆ. ಅವು ಹೆಚ್ಚಾಗಿ ಹುಟ್ಟುವುದು ಪಾಯಿಂಟ್‌ನಲ್ಲಿ. ಅಲ್ಲಿ ಎರಡು ಹಳಿ ಒಂದನ್ನೊಂದು ದಾಟುವ ವಿ ಆಕಾರದ ತುದಿಗೆ ಫ್ರಾಗ್ ಅನ್ನುತ್ತಾರೆ. ತೊಂದರೆ ಮೂರು ಬಗೆ.

ಒಂದು, ಫ್ರಾಗ್ ಲೋಹದ್ದಾಗಿದ್ದು, ಪಾಯಿಂಟ್ ತಿರುಗಿದ ದಿಕ್ಕಿಗೆ ತಕ್ಕಂತೆ ಅದರ ಧ್ರುವ ಬದಲಾಗುವಂಥದ್ದು. ಪಾಯಿಂಟ್ ತಪ್ಪು ದಿಕ್ಕಿಗಿರುವಾಗ ಫ್ರಾಗ್ ಕಡೆಯಿಂದ ಇಂಜಿನ್ ಬಂದರೆ ಚಕ್ರ ತಾಗಿದ ಕೂಡಲೇ ಶಾರ್ಟ್. ಫ್ರಾಗ್‌ನ ಆಚೆಯ ಎರಡೂ ಹಳಿಯಲ್ಲಿ ಸಂದಿ ಮಾಡಿ, ಫ್ರಾಗ್ ಅನ್ನು ಪ್ರತ್ಯೇಕಿಸಿ, ಪಾಯಿಂಟ್ ಮೋಟಾರ್‌ನ ಸ್ವಿಚ್ ಮೂಲಕ ಪವರ್ ಕೊಡಿ. ಆ ಒಂದು ವೈರ್‌ನಲ್ಲಿ ಬಲ್ಬ್ ಇಟ್ಟರೆ ತಪ್ಪು ಪಾಯಿಂಟ್‌ಗೆ ಬಂದ ಇಂಜಿನ್ ಅಲ್ಲೇ ನಿಲ್ಲುತ್ತದೆ, ಉಳಿದ ಭಾಗ ನಡೆಯುತ್ತದೆ. ಬಲ್ಬಿಗೆ ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ. ಬಲ್ಬ್, ಸ್ವಿಚ್ ಎರಡೂ ಬೇಡ ಅನ್ನುವವರಿಗೆ ಫ್ರಾಗ್ ಜ್ಯೂಸರ್ ಇದೆ. ಶಾರ್ಟ್ ಕಂಡ ಕೂಡಲೇ ಫ್ರಾಗ್‌ನ ಧ್ರುವವನ್ನು ತಾನೇ ಬದಲಿಸುತ್ತದೆ.

ಎರಡು, ಅತ್ತಿತ್ತ ಜರುಗುವ ಹಳಿಗಳಲ್ಲಿ ತೆರೆದಿರುವುದರ ಬದಿಗೆ ಚಕ್ರದ ಹಿಂಬದಿ ತಾಗುವುದು. ಆ ಹಳಿ ಮತ್ತು ಅದರ ಪಕ್ಕದ ಸ್ಥಿರ ಹಳಿ ಬೇರೆ ಬೇರೆ ಧ್ರುವದಲ್ಲಿದ್ದರೆ ಶಾರ್ಟ್ ಗ್ಯಾರಂಟಿ. ಪ್ರತಿ ಜರುಗುವ ಹಳಿಯನ್ನೂ ಅದರದೇ ಪಕ್ಕದ ಸ್ಥಿರ ಹಳಿಗೆ ಸಣ್ಣ ವೈರ್‌ನಿಂದ ಬೆಸೆದು, ಫ್ರಾಗ್‌ನಿಂದ ಬಿಡಿಸಿಬಿಟ್ಟರೆ ಈ ತೊಂದರೆ ಶಾಶ್ವತವಾಗಿ ಹೋಗುತ್ತದೆ. ಎರಡೂ ಜರುಗುವ ಹಳಿಗಳನ್ನು ಸೇರಿಸುವ ಅಡ್ಡಪಟ್ಟಿ ಲೋಹದ್ದಾಗಿದ್ದರೆ ಬೆಸೆಯುವ ಮೊದಲು ಅದನ್ನು ಮಧ್ಯದಲ್ಲಿ ವಿದ್ಯುತ್ ದಾಟದಂತೆ ಮಾಡಬೇಕು. ಇದನ್ನು ಮರೆತರೆ ನೀವೇ ಶಾರ್ಟ್ ಕಟ್ಟಿದಂತಾಗುತ್ತದೆ.

ಮೂರು, ಪ್ಲಾಸ್ಟಿಕ್ ಫ್ರಾಗ್‌ನ ತುದಿಯಲ್ಲಿ ಎರಡು ಧ್ರುವದ ಹಳಿಗಳು ತೀರಾ ಹತ್ತಿರ ಬರುತ್ತವೆ. ಅಗಲದ ಚಕ್ರ ಎರಡನ್ನೂ ಒಮ್ಮೆಲೇ ಮುಟ್ಟುತ್ತದೆ. ಲಕ್ಷಣ: ಒಂದೇ ಜಾಗದಲ್ಲಿ ಸೌಂಡ್ ನಿಂತು ಮತ್ತೆ ಶುರುವಾಗುವುದು. ಆ ತುದಿಗೆ ಉಗುರು ಬಣ್ಣ ಎರಡು ಪದರ ಹಚ್ಚಿ ನೋಡಿ. ನಿಂತರೆ ಕಾರಣ ಖಚಿತವಾಯಿತು. ಬಣ್ಣ ಸವೆಯುತ್ತದೆ, ಮತ್ತೆ ಹಚ್ಚಬೇಕು.

ಪಾಯಿಂಟ್‌ಗೆ ಬೈಯುವ ಮೊದಲು ಚಕ್ರಗಳ ನಡುವಿನ ಅಂತರವನ್ನು ಗೇಜ್‌ನಲ್ಲಿ ನೋಡಿ. ಒಂದೇ ಬೋಗಿ ಎಲ್ಲ ಪಾಯಿಂಟ್‌ನಲ್ಲೂ ಶಾರ್ಟ್ ಮಾಡಿದರೆ ತಪ್ಪು ಬೋಗಿಯದ್ದು. ಎಲ್ಲ ಬೋಗಿಯೂ ಒಂದೇ ಪಾಯಿಂಟ್‌ನಲ್ಲಿ ಮಾಡಿದರೆ ಪಾಯಿಂಟಿನದ್ದು.

6. ಹಿಂತಿರುಗುವ ಲೂಪ್

ರೈಲು ಸುತ್ತಿ ಬಂದ ದಾರಿಗೇ ಮರಳುವಂತೆ ಹಳಿ ಹಾಕಿದರೆ ಎಡ ಹಳಿ ಹೋಗಿ ಬಲ ಹಳಿಗೆ ಸೇರುತ್ತದೆ. ಅದು ಹಳಿಯ ಆಕಾರದಲ್ಲೇ ಇರುವ ಶಾರ್ಟ್. ಲೂಪ್‌ನ ಎರಡೂ ತುದಿಯಲ್ಲಿ ಎರಡೂ ಹಳಿ ಕತ್ತರಿಸಿ, ಒಳಭಾಗಕ್ಕೆ ಆಟೋ ರಿವರ್ಸರ್ ಮೂಲಕ ಪವರ್ ಕೊಡಿ. ಚಕ್ರ ಸಂದಿ ದಾಟುವಾಗ ಧ್ರುವ ತಾಳೆಯಾಗದಿದ್ದರೆ ಅದು ಕ್ಷಣದಲ್ಲಿ ಬದಲಿಸುತ್ತದೆ. ಡಿಸಿಸಿ ಇಂಜಿನ್‌ನ ದಿಕ್ಕು ಡಿಕೋಡರ್‌ನಲ್ಲಿರುತ್ತದೆ, ಹಳಿಯಲ್ಲಲ್ಲ. ಹಾಗಾಗಿ ರೈಲಿಗೆ ಗೊತ್ತೇ ಆಗುವುದಿಲ್ಲ.

ಒಳಭಾಗ ನಿಮ್ಮ ಅತಿ ಉದ್ದದ ರೈಲಿಗಿಂತ ಉದ್ದ ಇರಬೇಕು. ಇಲ್ಲದಿದ್ದರೆ ಎರಡೂ ತುದಿಯಲ್ಲಿ ಒಟ್ಟಿಗೆ ಚಕ್ರ ಇರುತ್ತದೆ, ರಿವರ್ಸರ್ ಯಾವ ಕಡೆಗೆ ತಿರುಗಿದರೂ ತಪ್ಪು. ಎರಡು ರಿವರ್ಸರ್ ಭಾಗಗಳನ್ನು ಅಕ್ಕಪಕ್ಕ ಇಡಬೇಡಿ, ಎರಡೂ ಒಟ್ಟಿಗೆ ತಿರುಗಿ ಜಗಳ ಮುಂದುವರಿಯುತ್ತದೆ. ಹಿಂದೆ ಬ್ರೇಕರ್ ಇದ್ದರೆ ರಿವರ್ಸರ್ ಅದಕ್ಕಿಂತ ಬೇಗ ಪ್ರತಿಕ್ರಿಯಿಸಬೇಕು. (ಮಾರ್ಕ್ಲಿನ್‌ನ ಮೂರು ಹಳಿ ಪದ್ಧತಿಯವರಿಗೆ ಈ ಹಂತವೇ ಬೇಡ. ಅಲ್ಲಿ ಹೊರಗಿನ ಎರಡೂ ಹಳಿ ಒಂದೇ ಧ್ರುವ.)

7. ಪಾಯಿಂಟ್ ಮೋಟಾರ್‌ಗೆ ಬೇರೆ ದಾರಿ

ಪಾಯಿಂಟ್ ತಿರುಗಿಸುವ ಡಿಕೋಡರ್‌ಗೆ ಹಳಿಯಿಂದಲೇ ಪವರ್ ತೆಗೆದುಕೊಂಡರೆ ಹೀಗಾಗುತ್ತದೆ: ತಪ್ಪು ಪಾಯಿಂಟ್‌ಗೆ ಇಂಜಿನ್ ಬಂತು, ಶಾರ್ಟ್ ಆಯಿತು, ಪವರ್ ಹೋಯಿತು. ಶಾರ್ಟ್ ತೆಗೆಯಲು ಪಾಯಿಂಟ್ ತಿರುಗಿಸಬೇಕು, ತಿರುಗಿಸಲು ಪವರ್ ಇಲ್ಲ. ಬೂಸ್ಟರ್‌ನಿಂದ ನೇರ ಇನ್ನೊಂದು ಬಸ್ ಎಳೆದು, ಅದಕ್ಕೆ ತನ್ನದೇ ಬ್ರೇಕರ್ ಹಾಕಿ, ಡಿಕೋಡರ್‌ಗಳನ್ನೆಲ್ಲ ಅದಕ್ಕೆ ಕೊಡಿ.

8. ಹೊಸ ಡಿಕೋಡರ್ ಹಾಕಿದ ಇಂಜಿನ್

ಮೊದಲ ಸಲ ಮುಖ್ಯ ಹಳಿಗೆ ಇಡಬೇಡಿ, ಪ್ರೋಗ್ರಾಮಿಂಗ್ ಹಳಿಗೆ, ಅಂದರೆ ಡಿಕೋಡರ್ ಹೊಂದಿಸಲೆಂದೇ ಇರುವ ಬೇರೆ ಹಳಿಗೆ ಇಡಿ. ಅಲ್ಲಿ ಹರಿಯುವ ಕರೆಂಟ್‌ಗೆ ಎನ್‌ಎಂಆರ್‌ಎ (ಅಮೆರಿಕದ ಮಾಡೆಲ್ ರೈಲು ಸಂಘ) ಶಿಫಾರಸಿನ ಪ್ರಕಾರ 250 ಮಿಲಿಆಂಪ್‌ನ ಮಿತಿ ಇದೆ. ಮೋಟಾರ್‌ನ ಬ್ರಷ್ ಚಾಸಿಗೆ ತಾಗಿದ್ದರೂ ಡಿಕೋಡರ್ ಬದುಕುವ ಅವಕಾಶ ಜಾಸ್ತಿ. ಅಲ್ಲಿ ಡಿಕೋಡರ್‌ನ ವಿಳಾಸ (ಗುರುತಿನ ನಂಬರ್) ಓದಲು ಬಂದರೆ ಮಾತ್ರ ಮುಖ್ಯ ಹಳಿಗೆ.

9. ಶಾರ್ಟ್ ಆಗಿದೆ, ಎಲ್ಲಿ ಅಂತ ಗೊತ್ತಿಲ್ಲ

ಪವರ್ ಆಫ್. ಹಳಿಯ ಮೇಲೆ ಬಿಟ್ಟ ಸ್ಕ್ರೂ, ಚಿಮಟ, ಗೇಜ್ ಇದೆಯಾ ಅಂತ ಮೊದಲು ಕಣ್ಣಾಡಿಸಿ. ಆಮೇಲೆ ಇಂಜಿನ್‌ಗಳನ್ನೂ ಬೋಗಿಗಳನ್ನೂ ಪೂರ್ತಿ ಎತ್ತಿ. ಶಾರ್ಟ್ ಹೋಯಿತಾ? ಹಾಗಾದರೆ ಒಂದೊಂದನ್ನೇ ಮರಳಿ ಇಡಿ.

ಹೋಗದಿದ್ದರೆ ಬಸ್ ಅನ್ನು ಮಧ್ಯದಲ್ಲಿ ಬಿಚ್ಚಿ. ಮೀಟರ್‌ನ ಬೀಪ್ ಯಾವ ಅರ್ಧದಲ್ಲಿ ಉಳಿಯಿತೋ ಅದನ್ನು ಮತ್ತೆ ಅರ್ಧ ಮಾಡಿ. ನಾಲ್ಕೈದು ಸಲದಲ್ಲಿ ಒಂದೆರಡು ಫೀಡರ್‌ಗೆ ಬಂದು ನಿಲ್ಲುತ್ತೀರಿ. ಎಲ್ಲ ಪಾಯಿಂಟ್‌ಗಳನ್ನು ಎರಡೂ ದಿಕ್ಕಿಗೆ ತಿರುಗಿಸಿಯೂ ನೋಡಿ, ಕೆಲವು ಶಾರ್ಟ್ ಒಂದು ದಿಕ್ಕಿನಲ್ಲಿ ಮಾತ್ರ ಇರುತ್ತವೆ.

ಜಲ್ಲಿಗೆ ಅಂಟು ಹಾಕಿದ ದಿನ ಮೀಟರ್ ಏನೇನೋ ತೋರಿಸುತ್ತದೆ. ಒದ್ದೆ ಅಂಟು ಸ್ವಲ್ಪ ಕರೆಂಟ್ ಹರಿಸುತ್ತದೆ, ಪೂರ್ತಿ ಒಣಗುವವರೆಗೆ ಕಾಯಿರಿ.

ಬೆಳಿಗ್ಗೆ ಸರಿ, ಮಧ್ಯಾಹ್ನ ಶಾರ್ಟ್ ಅನ್ನುವ ಲೇಔಟ್‌ಗಳೂ ಇವೆ. ಅಲ್ಲಿ ವೈರ್ ಬಿಚ್ಚುವ ಮೊದಲು ಹಳಿಯ ಸಂದಿಗಳನ್ನು ನೋಡಿ. ಬಿಸಿಗೆ ಹಳಿ ಹಿಗ್ಗುತ್ತದೆ, ತೇವಾಂಶಕ್ಕೆ ತಕ್ಕಂತೆ ಕೆಳಗಿನ ಮರ ಉಬ್ಬಿ ಕುಗ್ಗುತ್ತದೆ, ಖಾಲಿ ಬಿಟ್ಟ ಸಂದಿ ಮುಚ್ಚಿಕೊಳ್ಳುತ್ತದೆ. ಒಂದೊಂದರಲ್ಲೂ ತೆಳು ಕಾಗದ ತೂರಿಸಿ. ತೂರದ ಕಡೆ ಗರಗಸ ಆಡಿಸಿ, ಪ್ಲಾಸ್ಟಿಕ್ ಚೂರು ಅಂಟಿಸಿ.